ಆರನೇ ವಾರದ ಗೆರೆ

ತಲೆಗಿಂತ ಎತ್ತರದ ರ‍್ಯಾಕಿನಿಂದ ಡಬ್ಬ ಇಳಿಸುತ್ತಿದ್ದೆ. 50 ಪೌಂಡ್ ತೂಕ, ನಮ್ಮ ಲೆಕ್ಕದಲ್ಲಿ 23 ಕಿಲೋ ಹತ್ತಿರ. ಅದರ ಹಿಂದೆ ಇದ್ದ ಇನ್ನೊಂದು ಡಬ್ಬ ಜಾರಿ ಇದರ ಮೇಲೆ ಕೂತಿತು. ಕೈ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಬಲ ಹೆಗಲೊಳಗೆ ಹಸಿ ಬಟ್ಟೆ ಹರಿದ ಹಾಗಾಯಿತು. ಆಮೇಲೆ ಮೊಣಕೈ ಮಡಿಸಲು ಬರುತ್ತಿತ್ತು, ರಟ್ಟೆ ಮಾತ್ರ ಮೇಲೇಳಲಿಲ್ಲ.

ಇದು 2022ರ ಫೆಬ್ರವರಿ. ಊರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆಂಟ್. ಸಿಯಾಟಲ್‌ನ ದಕ್ಷಿಣಕ್ಕೆ, ಕಣಿವೆ ತುಂಬಾ ಗೋದಾಮುಗಳಿರುವ ಊರು. ಅಮೆರಿಕದ ಕನ್ನಡಿಗರು ಅಂದ ತಕ್ಷಣ ಎಲ್ಲರಿಗೂ ಕಂಪ್ಯೂಟರ್ ಕೆಲಸದವರೇ ನೆನಪಾಗುತ್ತಾರೆ. ನಾನು ಹಾಗಲ್ಲ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಅಕ್ಕ ಹಾಕಿದ್ದ ಅರ್ಜಿಗೆ ಹನ್ನೆರಡು ವರ್ಷ ಕಾದು, ಹೆಂಡತಿ ಮಗಳ ಜೊತೆ ಇಲ್ಲಿಗೆ ಬಂದೆ. ಮಂಡಿಯಲ್ಲಿ ಚೀಲ ಹೊರುತ್ತಿದ್ದವರು ಹಮಾಲರು, ನಾನು ಬರೆದುಕೊಳ್ಳುತ್ತಿದ್ದೆ. ಇಲ್ಲಿ ಹೊರುವ ಕೆಲಸ ನನ್ನದಾಯಿತು. ಅದರಲ್ಲಿ ನನಗೆ ನಾಚಿಕೆ ಇಲ್ಲ. ಆದರೆ ಹೊರುವವರ ಮೈ ಏನೇನು ಅನುಭವಿಸುತ್ತದೆ ಅಂತ ಗೊತ್ತಾಗಿದ್ದು ಇಲ್ಲೇ.

ಎಮರ್ಜೆನ್ಸಿಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿಲ್ಲ ಅಂದರು. ಕೆಲಸದಲ್ಲಿ ಆದ ಗಾಯ ಅಂದ ಕೂಡಲೇ ಅಪಘಾತದ ವರದಿ ಬರೆದರು. ಈ ರಾಜ್ಯದಲ್ಲಿ ಅದೊಂದು ಒಳ್ಳೆ ವ್ಯವಸ್ಥೆ. ಕೆಲಸಗಾರರ ಗಾಯಕ್ಕೆ ವಿಮೆ ಕೊಡುವುದು ಸರ್ಕಾರವೇ, ಖಾಸಗಿ ವಿಮೆ ಕಂಪನಿ ಅಲ್ಲ. ಡಿಪಾರ್ಟ್‌ಮೆಂಟ್ ಆಫ್ ಲೇಬರ್ ಅಂಡ್ ಇಂಡಸ್ಟ್ರೀಸ್ ಅಂತ ಇಲಾಖೆ, ಎಲ್ಲರ ಬಾಯಲ್ಲೂ ಎಲ್ ಅಂಡ್ ಐ. ದೊಡ್ಡ ಕಂಪನಿಗಳು ಕೆಲವು ತಾವೇ ಜವಾಬ್ದಾರಿ ಹೊರುತ್ತವೆ. ಉಳಿದವರಿಗೆಲ್ಲ ಇದೇ. ವಿಮೆಯ ಕಂತಿನಲ್ಲಿ ಒಂದು ಪಾಲು ನಮ್ಮ ಸಂಬಳದಿಂದಲೂ ಹೋಗುತ್ತದೆ. ಹಾಗಾಗಿ ಇದು ಯಾರೋ ಕೊಡುವ ದಾನ ಅಲ್ಲ. ಗಾಯವಾದರೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಮ್ಮವರು ಎಷ್ಟೋ ಜನ ಕೆಲಸ ಹೋಗುತ್ತೇನೋ ಅಂತ ಹೆದರಿ ಸುಮ್ನೆ ಇದ್ದುಬಿಡುತ್ತಾರೆ. ಹಾಗೆ ಮಾಡಬೇಡಿ.

ಹೊರಡುವಾಗ ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಸೀಸೆ ಕೈಗೆ ಬಂತು. ಒಳಗೆ ಹನ್ನೆರಡು ಬಿಳಿ ಮಾತ್ರೆ. ಹೈಡ್ರೋಕೋಡೋನ್ 5 ಮಿಲಿಗ್ರಾಂ, ಜೊತೆಗೆ 325 ಮಿಲಿಗ್ರಾಂ ಅಸಿಟಮಿನೋಫೆನ್. ಎರಡನೆಯದು ನಮ್ಮ ಪ್ಯಾರಸಿಟಮಾಲ್. ಮೊದಲನೆಯದು ಒಪಿಯಾಯ್ಡ್, ಅಂದರೆ ಅಫೀಮಿನ ಜಾತಿಗೆ ಸೇರಿದ ಔಷಧಿ. ದಿನಕ್ಕೆ ನಾಲ್ಕು, ಮೂರು ದಿನಕ್ಕೆ. ಬರೆದ ವೈದ್ಯರು ಅಪಾಯಗಳನ್ನು ಹೇಳಿದರು, ಬೇಡ ಅನ್ನುವ ಹಕ್ಕೂ ನಿಮಗಿದೆ ಅಂದರು. 2019ರಿಂದ ಈ ರಾಜ್ಯದಲ್ಲಿ ಹಾಗೆ ಹೇಳಲೇಬೇಕು ಅಂತ ಕಾನೂನು. ನೋವಿನಲ್ಲಿ ನನಗೆ ಅದೆಲ್ಲ ಎಲ್ಲಿ ಕೇಳಿಸುತ್ತೆ? ಕೊಡಿ ಸಾಕು ಅನ್ನುವ ಹಾಗಿತ್ತು.

ಮೊದಲ ಮೂರು ದಿನ ಆ ಮಾತ್ರೆ ನನ್ನನ್ನು ಉಳಿಸಿತು. ಇದನ್ನು ಹೇಳಲೇಬೇಕು. ನುಂಗಿದ ಮುಕ್ಕಾಲು ಗಂಟೆಗೆ ಹೆಗಲ ಮೇಲೆ ಯಾರೋ ಬೆಚ್ಚಗೆ ಕಂಬಳಿ ಹೊದಿಸಿದ ಹಾಗೆ. ನೋವು ಇರುತ್ತಿತ್ತು, ಆದರೆ ದೂರ ಹೋಗಿ ಕೂರುತ್ತಿತ್ತು.

ಆಮೇಲೆ ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಇನ್ನೂ ಏಳು ದಿನಕ್ಕೆ ಬರೆದುಕೊಟ್ಟರು. ಮತ್ತೆ ಹೋದೆ, ಮತ್ತೆ ಬರೆದರು. ಯಾರೂ ಏನೂ ಕೇಳಲಿಲ್ಲ. ಮನೆಯಲ್ಲಿ ಬೇರೆ ಏನು ಮಾತ್ರೆ ತಗೋತೀರಿ, ರಾತ್ರಿ ನಿದ್ದೆ ಹೇಗೆ, ಇದರಿಂದ ಕೈ ಏನಾದರೂ ಆಡುತ್ತಿದೆಯಾ, ಒಂದೂ ಇಲ್ಲ. ಐದು ನಿಮಿಷದಲ್ಲಿ ಹೊರಗೆ. ಆಗ ನನಗೆ ಅದೇ ಒಳ್ಳೆಯ ಉಪಚಾರ ಅನ್ನಿಸಿತ್ತು. ಆ ನಾಲ್ಕು ವಾರ ನನ್ನನ್ನು ಯಾವ ಕಡೆ ತಳ್ಳುತ್ತಿತ್ತು ಅಂತ ಈಗ ಯೋಚಿಸಿದರೆ ಸಿಟ್ಟು ಬರುತ್ತದೆ.

ಯಾಕೆ ಅಂದರೆ ನಾಲ್ಕನೇ ವಾರದ ಹೊತ್ತಿಗೆ ಆ ಕಂಬಳಿ ಸಣ್ಣದಾಗಿತ್ತು. ಎರಡು ಗಂಟೆ ಆರಾಮ, ಮುಂದಿನ ನಾಲ್ಕು ಗಂಟೆ ಮುಂದಿನ ಮಾತ್ರೆಗೆ ಕಾಯುವುದು. ಹೊಟ್ಟೆ ಕಲ್ಲಾಗಿತ್ತು, ಮೂರು ದಿನಕ್ಕೊಮ್ಮೆ ಕಕ್ಕಸಿಗೆ ಹೋದರೆ ಹೆಚ್ಚು. ಮಗಳು ಏನಾದರೂ ಹೇಳಿದರೆ ಅರ್ಧ ಕೇಳಿಸುತ್ತಿತ್ತು. ಒಂದು ಸಂಜೆ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು, "ರೀ, ನೋವಿಗೆ ತಗೋತಿದ್ದೀರೋ, ಗಡಿಯಾರ ನೋಡ್ಕೊಂಡು ತಗೋತಿದ್ದೀರೋ?" ನನಗೆ ಉತ್ತರ ಗೊತ್ತಿರಲಿಲ್ಲ.

ಐದನೇ ವಾರ ಎಲ್ ಅಂಡ್ ಐ ಪಟ್ಟಿಯಿಂದ ಹುಡುಕಿ, ಕೆಲಸದ ಗಾಯಗಳನ್ನೇ ನೋಡುವ ಒಬ್ಬ ವೈದ್ಯೆಯ ಹತ್ತಿರ ಹೋದೆ. ಯಾವ ಡಾಕ್ಟರ್ ಅನ್ನುವುದು ಇಲ್ಲಿ ಕೆಲಸಗಾರನ ಆಯ್ಕೆ. ಅರವತ್ತು ದಾಟಿದ ಹೆಂಗಸು, ಕನ್ನಡಕ ಹಣೆ ಮೇಲೆ. ಮೊದಲ ದಿನ ಕೈ ಪರೀಕ್ಷೆ ಮಾಡಿದರು, ಎಂಆರ್‌ಐಗೆ ಕೇಳಿ ಬರೆದರು. ಮುಂದಿನ ವಾರ ಆರನೇ ವಾರ, ಅವತ್ತು ಜಾಸ್ತಿ ಹೊತ್ತು ಬೇಕು, ಮಗಳನ್ನು ಅನುವಾದಕ್ಕೆ ಕರೆದುಕೊಂಡು ಬರಬೇಡಿ, ನಿಮ್ಮ ಭಾಷೆಯವರನ್ನು ಫೋನಿನಲ್ಲಿ ಕರೆಸುತ್ತೇವೆ ಅಂದರು. ಅದರ ಖರ್ಚೂ ಇಲಾಖೆಯದೇ. ನನಗೆ ಇಂಗ್ಲಿಷ್ ಬರುತ್ತದೆ. ಆದರೆ ನೋವಿನ ಇಂಗ್ಲಿಷ್ ಬೇರೆ, ಅಲ್ವಾ?

ಆ ದಿನ ಫೋನಿನ ಆ ಕಡೆ ಧಾರವಾಡದ ಕಡೆಯ ದನಿ. "ನಮಸ್ಕಾರ್ರಿ ಸರ, ಹೇಳ್ರಿ" ಅಂದ ತಕ್ಷಣ ನನ್ನ ಕಣ್ಣು ತುಂಬಿತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಎರಡು ಪ್ರಶ್ನೆ ಮೊದಲು ಬಂದವು. ಹೋದ ತಿಂಗಳಲ್ಲಿ ನೋವು ಸರಾಸರಿ ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಹೇಳಿ. ಆ ನೋವು ನಿಮ್ಮ ದಿನದ ಕೆಲಸಕ್ಕೆ ಎಷ್ಟು ಅಡ್ಡ ಬಂತು, ಅದನ್ನೂ ಸೊನ್ನೆಯಿಂದ ಹತ್ತರೊಳಗೆ. ನಮ್ಮಲ್ಲಿ ನೋವಿಗೆ ಅಂಕಿ ಎಲ್ಲಿದೆ? ಸೆಳೆತ, ಉರಿ, ಚುಚ್ಚು, ಸಿಡಿತ, ಜೋಮು ಅಂತ ಹೇಳುತ್ತೇವೆ. ನಮ್ಮಜ್ಜಿ "ಎಷ್ಟು ನೋವು" ಅಂತ ಯಾವತ್ತೂ ಕೇಳಲಿಲ್ಲ, "ಕೈ ಎತ್ತಕ್ಕಾಗುತ್ತಾ ಮಗಾ" ಅಂತಿದ್ದಳು. ಆ ಎರಡನೇ ಪ್ರಶ್ನೆ ನನ್ನಜ್ಜಿಯದೇ ಅಂತ ಆಮೇಲೆ ಹೊಳೆಯಿತು. ಎರಡನೇ ವಾರ ಫಿಸಿಯೋಥೆರಪಿಯಲ್ಲಿ ತುಂಬಿದ್ದ ಕಾಗದದಲ್ಲಿ ಎಂಟು ಮತ್ತು ಎಂಟು ಬರೆದಿದ್ದೆ. ಈಗ ಏಳು ಮತ್ತು ಎಂಟು.

ಆಮೇಲೆ ಮನಸ್ಸಿನ ಬಗ್ಗೆ ಒಂಬತ್ತು ಪ್ರಶ್ನೆ. ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸುತ್ತಾ, ನಿದ್ದೆ ಹೇಗೆ, ಊಟ ಹೇಗೆ, ಇರುವುದೇ ಬೇಡ ಅನ್ನಿಸಿದೆಯಾ. ನಂತರ ಮನೆತನದ ಪ್ರಶ್ನೆ. ನಿಮ್ಮ ಮನೆಯಲ್ಲಿ ಕುಡಿತದ ತೊಂದರೆ ಇದ್ದವರು ಯಾರಾದರೂ ಇದ್ದಾರಾ? ನಮ್ಮಣ್ಣ ಕುಡಿದು ಕುಡಿದೇ ಹೋದ. ಊರಲ್ಲಿ ಕಾಮಾಲೆ ಅಂತಲೇ ಹೇಳಿದ್ದೆವು. ನನ್ನ ಮಗಳಿಗೂ ಹಾಗೇ ಹೇಳಿದ್ದೇನೆ. ಗುರುತಿಲ್ಲದ ಧಾರವಾಡದ ದನಿಗೆ ಆ ದಿನ ಮೊದಲ ಸಲ ನಿಜ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು ಅನುವಾದ ಮಾಡಿದರು.

ಕೊನೆಗೆ ಒಂದು ಪ್ಲಾಸ್ಟಿಕ್ ಲೋಟ. ಮೂತ್ರ ಪರೀಕ್ಷೆ.

ನನಗೆ ಮೈ ಉರಿಯಿತು. ಕೈ ಹರಿದುಕೊಂಡು ಬಂದವನಿಗೆ ಕಳ್ಳನಿಗೆ ಮಾಡುವ ಪರೀಕ್ಷೆಯಾ? ಇಪ್ಪತ್ತು ವರ್ಷ ಮಂಡಿಯಲ್ಲಿ ಒಂದು ರೂಪಾಯಿ ಲೆಕ್ಕ ತಪ್ಪಿಸದವನು ನಾನು. ಫೋನಿನಲ್ಲಿ ಇದನ್ನೇ ಹೇಳಿದೆ, ಸ್ವಲ್ಪ ಜೋರಾಗೇ. ವೈದ್ಯೆ ಪೂರ್ತಿ ಕೇಳಿಸಿಕೊಂಡರು. ಆರು ವಾರ ದಾಟಿ ಈ ಮಾತ್ರೆ ಮುಂದುವರಿಸಬೇಕಾದರೆ ಯಾರೇ ಆದರೂ ಈ ಪರೀಕ್ಷೆ ಮಾಡಿಸಬೇಕು, ನಿಮಗೊಬ್ಬರಿಗೇ ಅಲ್ಲ ಅಂದರು. ಹೋಗಿ ಕೊಟ್ಟು ಬಂದೆ.

ಆ ಲೋಟದ ಬದಿಯಲ್ಲಿ ಸಣ್ಣ ಸಣ್ಣ ಪಟ್ಟಿಗಳಿರುತ್ತವೆ, ಒಂದೊಂದು ಔಷಧಿಗೆ ಒಂದೊಂದು. ಗೆರೆ ಮೂಡಿದರೆ ಇಲ್ಲ, ಮೂಡದಿದ್ದರೆ ಇದೆ ಅಂತ ಅರ್ಥ. ಐದು ನಿಮಿಷಕ್ಕೆ ನರ್ಸ್ ಅದನ್ನು ಹಿಡಿದುಕೊಂಡು ಬಂದರು. ಹೈಡ್ರೋಕೋಡೋನ್ ಇರಬೇಕಾದ ಕಡೆ ಇತ್ತು. ಇನ್ನೊಂದು ಪಟ್ಟಿಯಲ್ಲೂ ಗೆರೆ ಇರಲಿಲ್ಲ. ಬೆಂಜೋಡಯಾಜಪೈನ್.

ನನಗೆ ಆ ಹೆಸರೇ ಗೊತ್ತಿರಲಿಲ್ಲ. ನಿದ್ದೆಗೆ, ಗಾಬರಿಗೆ ಕೊಡುವ ಮಾತ್ರೆ ಅಂದಾಗ ಎದೆ ಧಸಕ್ ಅಂತು. ಅತ್ತೆ ಊರಿಂದ ಬಂದು ಎರಡು ತಿಂಗಳಾಗಿತ್ತು. ಅವರ ಚೀಲದಲ್ಲಿ ಅಲ್ಪ್ರಜೋಲಮ್ ಪಟ್ಟಿಗಳಿದ್ದವು. ನಮ್ಮೂರ ಕಡೆ ಎಷ್ಟು ಮನೆಯ ಹಿರಿಯರ ದಿಂಬಿನ ಪಕ್ಕದಲ್ಲಿ ಆ ಮಾತ್ರೆ ಇರುವುದಿಲ್ಲ ಹೇಳಿ. ನಾನು ರಾತ್ರಿ ಹೊರಳಾಡುವುದನ್ನು ನೋಡಿ ಅತ್ತೆ, "ಅಳಿಯಂದ್ರೇ, ಅರ್ಧ ತಗೊಳ್ಳಿ, ಏನೂ ಆಗಲ್ಲ, ನಾನು ಹತ್ತು ವರ್ಷದಿಂದ ತಗೋತಿದ್ದೀನಿ" ಅಂದಿದ್ದರು. ತಗೊಂಡಿದ್ದೆ. ಒಂದು ದಿನ ಅಲ್ಲ, ಒಂದು ವಾರ. ಪ್ರೀತಿಯಿಂದ ಕೊಟ್ಟಿದ್ದು. ಔಷಧಿ ಅಂತ ನನ್ನ ತಲೆಗೇ ಹೋಗಿರಲಿಲ್ಲ.

ವೈದ್ಯೆ ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡರು. ಒಪಿಯಾಯ್ಡ್ ಉಸಿರಾಟವನ್ನು ನಿಧಾನ ಮಾಡುತ್ತದೆ, ಆ ನಿದ್ದೆ ಮಾತ್ರೆಯೂ ಅದನ್ನೇ ಮಾಡುತ್ತದೆ, ಎರಡೂ ಸೇರಿದರೆ ಮೈಗೆ ಉಸಿರಾಡುವುದೇ ಮರೆತುಹೋಗುತ್ತದೆ ಅಂದರು. ಮನುಷ್ಯ ನಿದ್ದೆಯಲ್ಲೇ ಹೋಗುತ್ತಾನೆ, ಪಕ್ಕದಲ್ಲಿ ಮಲಗಿದವರಿಗೆ ಗೊರಕೆ ಅನ್ನಿಸುತ್ತದೆ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇವೆರಡನ್ನೂ ಒಟ್ಟಿಗೆ ಕೊಡುವುದರ ಬಗ್ಗೆ ತನ್ನ ಅತಿ ಗಟ್ಟಿ ಎಚ್ಚರಿಕೆಯನ್ನು ಲೇಬಲ್ ಮೇಲೆ ಹಾಕಿಸಿತು. ನನ್ನ ಹೆಂಡತಿ ಆ ವಾರ ಒಂದು ರಾತ್ರಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದ್ದಳು. "ಏನ್ರೀ, ವಿಚಿತ್ರವಾಗಿ ಗೊರಕೆ ಹೊಡೀತಿದ್ದೀರಿ" ಅಂದಿದ್ದಳು. ಅದು ನೆನಪಾಗಿ ಕೈ ತಣ್ಣಗಾಯಿತು. ಕಳ್ಳನಿಗೆ ಮಾಡುವ ಪರೀಕ್ಷೆ ಅಂದುಕೊಂಡಿದ್ದೆನಲ್ಲ, ಅದೇ ನನ್ನ ಜೀವ ಕಾದಿತು.

ಈ ನಿಯಮಗಳೆಲ್ಲ ಎಲ್ಲಿಂದ ಬಂದವು ಅಂತ ಕೇಳಿದೆ. ಅವರು ಹೇಳಿದ್ದನ್ನು, ಆಮೇಲೆ ನಾನೇ ಕೂತು ಓದಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

1990ರ ದಶಕದಲ್ಲಿ ಅಮೆರಿಕದ ವೈದ್ಯರಿಗೆ ಒಂದು ಪಾಠ ಬಂತು. ನೋವಿಗೆ ನೀವು ಕಡಿಮೆ ಔಷಧಿ ಕೊಡುತ್ತಿದ್ದೀರಿ, ನೋವಿರುವವರಿಗೆ ಒಪಿಯಾಯ್ಡ್ ಕೊಟ್ಟರೆ ಚಟ ಅಂಟುವುದು ತೀರಾ ಅಪರೂಪ, ಧೈರ್ಯವಾಗಿ ಕೊಡಿ ಅಂತ. ಅದಕ್ಕೆ ಆಧಾರ ಅಂತ ಪದೇ ಪದೇ ತೋರಿಸುತ್ತಿದ್ದದ್ದು 1980ರಲ್ಲಿ ಒಂದು ವೈದ್ಯಕೀಯ ಪತ್ರಿಕೆಗೆ ಬರೆದ ಐದೇ ವಾಕ್ಯದ ಪತ್ರ. ಅದೂ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳ ಲೆಕ್ಕ, ಮನೆಗೆ ಸೀಸೆ ಒಯ್ದವರದ್ದಲ್ಲ. 1996ರಲ್ಲಿ ಆಕ್ಸಿಕಾಂಟಿನ್ ಅನ್ನುವ ಒಪಿಯಾಯ್ಡ್ ಮಾತ್ರೆ ಮಾರುಕಟ್ಟೆಗೆ ಬಂತು. 1999ರಲ್ಲಿ ಇದೇ ವಾಷಿಂಗ್ಟನ್ ರಾಜ್ಯ, ಎಷ್ಟು ಒಪಿಯಾಯ್ಡ್ ಬರೆದರು ಅನ್ನುವ ಒಂದೇ ಕಾರಣಕ್ಕೆ ವೈದ್ಯರ ಮೇಲೆ ಕ್ರಮ ಇಲ್ಲ ಅಂತ ನಿಯಮ ಮಾಡಿತು. ಕಟ್ಟೆ ಒಡೆದ ಹಾಗೆ. ಪ್ರಮಾಣಕ್ಕೆ ಮಿತಿ ಇಲ್ಲ, ನೋವು ಜಾಸ್ತಿ ಅಂದರೆ ಮಾತ್ರೆ ಜಾಸ್ತಿ.

ಎಲ್ ಅಂಡ್ ಐ ಇಲಾಖೆಯ ವೈದ್ಯಕೀಯ ನಿರ್ದೇಶಕರಾಗಿದ್ದ ಡಾ. ಗ್ಯಾರಿ ಫ್ರಾಂಕ್ಲಿನ್ ಮತ್ತು ಅವರ ಜೊತೆಗಾರರು ಗಾಯಾಳು ಕೆಲಸಗಾರರ ಕಡತಗಳಲ್ಲಿ ಸಾವುಗಳನ್ನು ಗಮನಿಸಿದರು. ಬೆನ್ನು ಉಳುಕಿ ಬಂದವರು, ಕೈ ಕಾಲು ಪೆಟ್ಟಾಗಿ ಬಂದವರು. ಯಾರೂ ಸಾಯುವಂಥ ಗಾಯ ಅಲ್ಲ. 2005ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಅಂಥ 32 ಜನ. ಗಾಯದಿಂದ ಅಲ್ಲ, ಗಾಯಕ್ಕೆ ಬರೆದುಕೊಟ್ಟ ನೋವಿನ ಔಷಧಿಯಿಂದ ಸತ್ತವರು.

ಅಲ್ಲಿಂದ ಲೆಕ್ಕ ಶುರುವಾಯಿತು. 2007ರಲ್ಲಿ ರಾಜ್ಯದ ಇಲಾಖೆಗಳು ಸೇರಿ ಮಾರ್ಗಸೂಚಿ ತಂದವು. ಬೇರೆ ಬೇರೆ ಮಾತ್ರೆಗಳನ್ನು ಒಂದೇ ತಕ್ಕಡಿಗೆ ಹಾಕಲು ಎಲ್ಲವನ್ನೂ ಮಾರ್ಫಿನ್ ಲೆಕ್ಕಕ್ಕೆ ತರುತ್ತಾರೆ. ಹೈಡ್ರೋಕೋಡೋನ್ ಒಂದಕ್ಕೆ ಒಂದು, ಆಕ್ಸಿಕೋಡೋನ್ ಒಂದಕ್ಕೆ ಒಂದೂವರೆ. ದಿನಕ್ಕೆ 120 ಮಿಲಿಗ್ರಾಂ ಮಾರ್ಫಿನ್ ಲೆಕ್ಕ ಮುಟ್ಟಿದರೆ, ನೋವು ಮತ್ತು ಕೆಲಸದ ಶಕ್ತಿ ಸುಧಾರಿಸದೆ ಇದ್ದರೆ, ನೋವಿನ ತಜ್ಞರನ್ನು ಕೇಳದೆ ಮೇಲೆ ಹೋಗಬೇಡಿ ಅಂತ ಅದರ ಮಾತು. ನನ್ನದು ನಾಲ್ಕು ಮಾತ್ರೆ, 20 ಮಿಲಿಗ್ರಾಂ. ಸಣ್ಣದೇ. ಆದರೆ 120 ಮುಟ್ಟಿದವರೂ ಒಂದು ದಿನ ಇಪ್ಪತ್ತರಲ್ಲೇ ಇದ್ದರು ಅಲ್ವಾ. 2010ರಲ್ಲಿ ರಾಜ್ಯದ ಶಾಸನಸಭೆ ಹಳೇ ಸಡಿಲ ನಿಯಮ ತೆಗೆದು ಹೊಸದು ಮಾಡಿ ಅಂತು. 2013ರ ಜುಲೈ 1ರಿಂದ ಗಾಯಾಳು ಕೆಲಸಗಾರರಿಗೇ ಅಂತ ಎಲ್ ಅಂಡ್ ಐ ಮಾರ್ಗಸೂಚಿ ಜಾರಿಗೆ ಬಂತು.

ಅದರ ಹುರುಳು ಕಾಲದ ಗೆರೆಗಳಲ್ಲಿದೆ. ಗಾಯವಾಗಿ ಆರು ವಾರದವರೆಗೆ ಒಂದು ಹಂತ. ಆರರಿಂದ ಹನ್ನೆರಡು ಎರಡನೆಯದು. ಹನ್ನೆರಡು ದಾಟಿದರೆ ದೀರ್ಘಕಾಲದ್ದು. ಆರನೇ ವಾರ ದಾಟಬೇಕಾದರೆ ವೈದ್ಯರು ತೋರಿಸಬೇಕಾದ್ದು ಒಂದು ಮುಖ್ಯ ಸಂಗತಿ. ಈ ಮಾತ್ರೆಯಿಂದ ಈ ಮನುಷ್ಯನ ಕೈಲಾಗುವ ಕೆಲಸ ಸುಧಾರಿಸಿದೆಯಾ, ಕಡೇ ಪಕ್ಷ ನೂರಕ್ಕೆ ಮೂವತ್ತರಷ್ಟು? ನೋವು ಒಂದು ಗಂಟೆ ಕಡಿಮೆಯಾಯಿತು ಅನ್ನುವುದು ಸಾಲದು. ಕೈ ಎತ್ತಕ್ಕಾಗುತ್ತಾ ಮಗಾ?

ನನ್ನ ಎಂಟರಲ್ಲಿ ನೂರಕ್ಕೆ ಮೂವತ್ತು ಕಳೆದರೆ ಐದೂವರೆ ಚಿಲ್ಲರೆ ಆಗಬೇಕಿತ್ತು. ಇರುವುದು ಏಳು ಮತ್ತು ಎಂಟು. ಮಂಡಿ ಲೆಕ್ಕ ಬರೆದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

"ಆದರೆ ನನಗೆ ನೋವು ನಿಜವಾಗಿಯೂ ಇದೆ" ಅಂದೆ. ಅಷ್ಟೊತ್ತು ತಡೆದಿದ್ದ ಅಳು ಬಂದೇಬಿಟ್ಟಿತು. ಅವರು ಹೇಳಿದ ಮಾತನ್ನು ಧಾರವಾಡದ ದನಿ ಹೀಗೆ ಹೇಳಿತು: "ನೋವು ಖರೇ ಅದರಿ ಸರ. ಗುಳಿಗಿ ಕೆಲಸ ಮಾಡಾಕತ್ತಿಲ್ಲ, ಅಷ್ಟೇ ಅಂತಾರ್ರಿ." ಮುಂದುವರಿಸಿದರೆ ದಾರಿ ಹೇಗಿರುತ್ತೆ ಅಂತಲೂ ತೋರಿಸಿದರು. ಹನ್ನೆರಡು ವಾರ ದಾಟಿದರೆ ಸಹಿ ಹಾಕಿದ ಒಪ್ಪಂದ, ಇಲಾಖೆಯ ಮುಂಗಡ ಅನುಮತಿ, ಮತ್ತೆ ಮತ್ತೆ ಈ ಲೋಟ. ಆಮೇಲೆ ಹೇಳಿದರು, ತೊಂಬತ್ತರ ದಶಕದಲ್ಲಿ ನಾನೂ ಆ ಪಾಠ ನಂಬಿ ಬರೆದುಕೊಟ್ಟವಳೇ, ನನ್ನ ರೋಗಿಯೊಬ್ಬರು ಹೋದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಆ ರಾತ್ರಿ ಅಪ್ಪ ನೆನಪಾದರು. 2011ರಲ್ಲಿ ಅವರಿಗೆ ಕ್ಯಾನ್ಸರ್. ಕೊನೆಯ ದಿನಗಳಲ್ಲಿ ಊರಲ್ಲಿ ಮಾರ್ಫಿನ್ ಮಾತ್ರೆ ಸಿಗಲಿಲ್ಲ. ಯಾವ ಮೆಡಿಕಲ್ ಶಾಪಿನಲ್ಲೂ ಇಲ್ಲ. ಬೆಂಗಳೂರಿಗೆ ರೈಲಿನಲ್ಲಿ ಹೋಗಿ, ಕಾಗದ ತೋರಿಸಿ, ಸಾಲಲ್ಲಿ ನಿಂತು ಹತ್ತು ದಿನಕ್ಕಾಗುವಷ್ಟು ತಂದೆ. ಅದರಲ್ಲಿ ನಾಲ್ಕು ದಿನದ್ದು ಉಳಿದುಕೊಂಡಿತು. ಆ ಆರು ದಿನ ಅಪ್ಪ ನಮ್ಮ ಜೊತೆ ಮಾತಾಡಿದರು. ಈ ಔಷಧಿಯನ್ನು ಯಾರಾದರೂ ಬರೀ ವಿಷ ಅಂದರೆ ನಾನು ಒಪ್ಪುವುದಿಲ್ಲ. ಯಾವ ನೋವಿಗೆ, ಎಷ್ಟು ದಿನ ಅನ್ನುವುದೇ ಪ್ರಶ್ನೆ. ಸಾಯುವವರಿಗೆ ಸಿಗದೆ ಹೋಗುವುದೂ ಅನ್ಯಾಯ, ಹೆಗಲು ಹರಿದವನಿಗೆ ಕೇಳದೆ ಕೊಡುತ್ತಾ ಹೋಗುವುದೂ ಅನ್ಯಾಯ.

ಮಾತ್ರೆ ಇಳಿಸುವುದು ಮೂರು ವಾರ ಹಿಡಿಯಿತು. ನಾಲ್ಕರಿಂದ ಮೂರು, ಐದು ದಿನ ಬಿಟ್ಟು ಎರಡು, ಹಾಗೆ. ಅಲ್ಪ್ರಜೋಲಮ್ ಅವತ್ತೇ ಬಂದ್. ನಾನು ತಗೊಂಡಿದ್ದು ಕೆಲವೇ ದಿನ ಅರ್ಧ ಮಾತ್ರೆಯಾದ್ದರಿಂದ ಅದು ಸಲೀಸು. ಅತ್ತೆಯವರಿಗೆ ಮಾತ್ರ ನೀವು ಹಾಗೆ ದಿಢೀರ್ ಅಂತ ನಿಲ್ಲಿಸಬೇಡಿ, ಊರಿಗೆ ಹೋಗಿ ಡಾಕ್ಟರ್ ಕೇಳಿ ನಿಧಾನ ಇಳಿಸಿ ಅಂತ ಹೇಳಿಸಿದೆ. ಪಾಪ, ಅವರು ಅಳಿಯನನ್ನೇ ಕೊಂದುಬಿಡುತ್ತಿದ್ದೆನಲ್ಲ ಅಂತ ಎರಡು ದಿನ ಊಟ ಬಿಟ್ಟರು.

ಎರಡು ಮಾತ್ರೆಯಿಂದ ಒಂದಕ್ಕೆ ಇಳಿದ ವಾರ ಕಷ್ಟ. ಸುಮ್ನೆ ಕೂತಿದ್ದರೂ ಆಕಳಿಕೆ, ಒಂದರ ಹಿಂದೆ ಒಂದು. ಶೀತ ಇಲ್ಲದೆ ಮೂಗು ಸೋರುವುದು. ರಾತ್ರಿ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮಗಳು ಶಾಲೆಯಿಂದ ಬಂದು "ಅಪ್ಪ, ಇವತ್ತು ಎಷ್ಟು ಉಳಿದಿದೆ?" ಅಂತ ಕೇಳಿ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಳು. ಹಗಲು ಹೊತ್ತು ವೈದ್ಯೆ ಬರೆದಿದ್ದ ಬೇರೆ ಉರಿಯೂತದ ಮಾತ್ರೆ, ಐಸ್, ಮತ್ತೆ ವ್ಯಾಯಾಮ. ಬಾಗಿಲ ಮೇಲೆ ಸಿಕ್ಕಿಸುವ ಸಣ್ಣ ರಾಟೆ ಕೊಟ್ಟಿದ್ದರು, ಎರಡು ಕಡೆ ಹಗ್ಗ. ಎಡಗೈ ಕೆಳಗೆ ಎಳೆದರೆ ಬಲಗೈ ಮೇಲೆ ಹೋಗುತ್ತದೆ. ನಮ್ಮ ಮನೆ ಬಾವಿಯ ರಾಟೆಯ ಹಾಗೇ ಕೀಚ್ ಅನ್ನುತ್ತಿತ್ತು.

ಫಿಸಿಯೋಥೆರಪಿಯ ಹುಡುಗಿ ಒಂದು ಗುರಿ ಹೇಳಿ ಅಂದಳು. ಕೈಯಿಂದ ಏನು ಮಾಡಬೇಕು ಅಂತ ಆಸೆ? ತಿಪಟೂರಿನವನು ಏನು ಹೇಳುತ್ತಾನೆ? ಕಾಯಿ ತುರಿಯಬೇಕು ಅಂದೆ. ಮನೆಯಲ್ಲಿ ಅದು ನನ್ನ ಕೆಲಸ. ತುರಿಮಣೆ ಮೇಲೆ ಕೂತು ಬಲಗೈಯಲ್ಲಿ ಹೋಳು ಒತ್ತಿ ತಿರುಗಿಸುವಾಗ ಹೆಗಲಿಗೇ ಭಾರ ಬೀಳುತ್ತದೆ. ಅವಳಿಗೆ ಅರ್ಥವಾಗಲಿಲ್ಲ. ಮುಂದಿನ ಸಲ ತುರಿಮಣೆಯ ಫೋಟೋ ತೋರಿಸಿದೆ. ಕಾಗದದ ಮೇಲೆ "ತೆಂಗಿನಕಾಯಿ, ಎರಡು ಹೋಳು" ಅಂತ ಇಂಗ್ಲಿಷಿನಲ್ಲಿ ಬರೆದುಕೊಂಡಳು.

ಮಾತ್ರೆ ಪೂರ್ತಿ ನಿಂತು ಎರಡು ವಾರಕ್ಕೆ ಮತ್ತೆ ಅವೇ ಎರಡು ಪ್ರಶ್ನೆ. ಆರು, ಆರು. ಜಾಸ್ತಿ ಆಗಲಿಲ್ಲ, ಒಂದೆರಡು ಮೆಟ್ಟಿಲು ಇಳಿದಿತ್ತು. ಕಾಲು ಹೋಳು ತುರಿದಿದ್ದೆ.

ಇಷ್ಟರಲ್ಲಿ ಎಂಆರ್‌ಐ ಬಂತು. ಹೆಗಲ ಸ್ನಾಯುವಿನ ಪಟ್ಟಿ ಹರಿದಿತ್ತು, ಶಸ್ತ್ರಚಿಕಿತ್ಸೆ ಬೇಕು. ಕಾಯುವ ಆ ತಿಂಗಳುಗಳಲ್ಲಿ ದುಡ್ಡಿನ ತೊಂದರೆ ಆಯಿತು. ಟೈಮ್ ಲಾಸ್ ಅಂತ ಸಂಬಳದ ಒಂದು ಭಾಗ ಬರುತ್ತದೆ. ಮದುವೆಯಾದವರಿಗೆ ನೂರಕ್ಕೆ 65, ಒಂದೊಂದು ಮಗುವಿಗೆ ಎರಡೆರಡು ಸೇರಿಸಿ, ನನಗೆ 67. ಅದರಲ್ಲೇ ತೂಗಿಸಿದೆವು.

ಗೋದಾಮಿನ ಗೆಳೆಯನೊಬ್ಬನ ಬಗ್ಗೆ ಹೇಳಬೇಕು. ಫೋರ್ಕ್‌ಲಿಫ್ಟ್ ಓಡಿಸುವವನು, ಅರವತ್ತರ ಹತ್ತಿರ, ಇಲ್ಲೇ ಹುಟ್ಟಿ ಬೆಳೆದವನು. 2001ರಲ್ಲಿ ಬೆನ್ನಿಗೆ ಪೆಟ್ಟು. ನನ್ನ ಹಾಗೆಯೇ ನಾಲ್ಕು ಮಾತ್ರೆಯಿಂದ ಶುರು. ಹತ್ತು ವರ್ಷದಲ್ಲಿ ಎಲ್ಲಿಗೆ ಹೋಗಿತ್ತು ಅಂದರೆ ಆ 120ರ ಗೆರೆ ಅವನಿಗೆ ಕೆಳಗೆಲ್ಲೋ ಕಾಣುತ್ತಿತ್ತು. ಒಂದು ದಿನ ಅವನ ಡಾಕ್ಟರ್ ಕ್ಲಿನಿಕ್ ಮುಚ್ಚಿದರು. ಹೊಸಬರು ಯಾರೂ ಅವನನ್ನು ತಗೊಳ್ಳಲಿಲ್ಲ, ನಿಯಮ ಬಂದಿದೆ ಅಂದರು. ದಿಢೀರ್ ನಿಂತುಹೋಯಿತು. ಆ ವರ್ಷವನ್ನು ಅವನು ನರಕ ಅಂತಲೇ ಕರೆಯುತ್ತಾನೆ. ಈಗ ಒಪಿಯಾಯ್ಡ್ ಚಟ ಬಿಡಿಸಲು ಕೊಡುವ ಬ್ಯುಪ್ರೆನಾರ್ಫಿನ್ ಔಷಧಿ ಮೇಲೆ ಸರಿಯಾಗಿದ್ದಾನೆ, ಕೆಲಸಕ್ಕೆ ಬರುತ್ತಾನೆ.

ಗೆರೆ ಎಳೆಯುವುದು ಹೊಸಬರನ್ನು ಉಳಿಸುತ್ತದೆ. ಆಗಲೇ ಆಳದಲ್ಲಿರುವವನಿಗೆ ಅದೇ ಗೆರೆ ತೋರಿಸಿ ಹಗ್ಗ ಕತ್ತರಿಸಿದರೆ ಅವನು ಮುಳುಗುತ್ತಾನೆ. ದೇಶದ ಮಟ್ಟದಲ್ಲೂ ಇದು ಆಯಿತು. 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತಂದ ಒಪಿಯಾಯ್ಡ್ ಮಾರ್ಗಸೂಚಿಯನ್ನು ಎಷ್ಟೋ ಕಡೆ ಕುರುಡಾಗಿ ಜಾರಿ ಮಾಡಿದರು. 2019ರಲ್ಲಿ ಎಫ್‌ಡಿಎ, ಬಹಳ ಕಾಲದಿಂದ ತಗೊಳ್ಳುತ್ತಿರುವವರಿಗೆ ಹಠಾತ್ ನಿಲ್ಲಿಸಬೇಡಿ ಅಂತ ಎಚ್ಚರಿಸಬೇಕಾಯಿತು. 2022ರ ನವೆಂಬರಿನಲ್ಲಿ ಸಿಡಿಸಿ ತನ್ನ ಮಾರ್ಗಸೂಚಿಯನ್ನೇ ತಿದ್ದಿ ಬರೆಯಿತು. ನನ್ನ ಡಾಕ್ಟರ್ ಮೂರು ವಾರ ನನ್ನ ಜೊತೆ ನಿಂತರು. ಅದೇ ನಿಯಮ, ಅದೇ ಕಾಗದ. ಹಿಡಿದ ಕೈ ಬೇರೆ.

ಜುಲೈನಲ್ಲಿ ಶಸ್ತ್ರಚಿಕಿತ್ಸೆ. ಈ ಸಲ ನಾನೇ ಕೇಳಿದೆ. ಎಷ್ಟು ದಿನಕ್ಕೆ ಬರೆಯುತ್ತೀರಿ? ಶಸ್ತ್ರಚಿಕಿತ್ಸೆ ಆದ ಮೇಲೆ ವೈದ್ಯರು ವಿಶೇಷ ಕಾರಣ ಬರೆದಿಡದೆ ಹದಿನಾಲ್ಕು ದಿನಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ಎಲ್ ಅಂಡ್ ಐ ಲೆಕ್ಕದಲ್ಲಿ ಆರು ವಾರದೊಳಗೆ ಮೊದಲಿದ್ದ ಮಟ್ಟಕ್ಕೆ ಬರಬೇಕು. ನನ್ನ ಮಟ್ಟ ಸೊನ್ನೆ. ಹೆಗಲಿನ ನರಕ್ಕೆ ಮರಗಟ್ಟುವ ಮದ್ದು ಕೊಟ್ಟಿದ್ದರಿಂದ ಮೊದಲ ರಾತ್ರಿ ಗೊತ್ತೇ ಆಗಲಿಲ್ಲ. ಎರಡನೇ ರಾತ್ರಿ ಗೊತ್ತಾಯಿತು. ಆಕ್ಸಿಕೋಡೋನ್ 5 ಮಿಲಿಗ್ರಾಂ, ಜೊತೆಗೆ ಒಂದು ನಲೋಕ್ಸೋನ್ ಸ್ಪ್ರೇ. ಉಸಿರು ನಿಂತರೆ ಮೂಗಿಗೆ ಹೊಡೆಯುವುದು. ಹೆಂಡತಿ ಅದರ ಕಾಗದವನ್ನು ಮೂರು ಸಲ ಓದಿ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು. ಕೆಳಗೆ ತನ್ನ ಅಮ್ಮನ ರೂಮಿನಲ್ಲಿ ಏನು ಮಾತ್ರೆ ಇದೆ ಅಂತಲೂ ಒಂದು ಸಲ ನೋಡಿ ಬಂದಿದ್ದಳು.

ಒಂಬತ್ತನೇ ದಿನಕ್ಕೆ ಸಾಕಾಯಿತು. ಸೀಸೆಯಲ್ಲಿ ಹನ್ನೊಂದು ಉಳಿದವು. ಇಟ್ಟುಕೊಳ್ಳೋಣ, ಮುಂದೆ ಬೇಕಾದರೆ ಅನ್ನುವ ಯೋಚನೆ ಬಂತು. ಸುಳ್ಳು ಹೇಳುವುದಿಲ್ಲ, ಎರಡು ದಿನ ಬಂತು. ಮೂರನೇ ದಿನ ಔಷಧಿ ಅಂಗಡಿಗೆ ಹೋಗಿ, ಉಳಿದ ಔಷಧಿ ಹಾಕುವ ಪೆಟ್ಟಿಗೆಯ ಬಾಯಿ ತೆಗೆದು ಎಡಗೈಯಿಂದ ಹಾಕಿದೆ. ಬಲಗೈ ಇನ್ನೂ ಜೋಳಿಗೆಯಲ್ಲಿತ್ತು.

ಈಗ ಕೆಲಸಕ್ಕೆ ಹೋಗುತ್ತಿದ್ದೇನೆ. ಹೆಗಲಿಗಿಂತ ಮೇಲೆ 20 ಪೌಂಡ್ ಮೀರಿ ಎತ್ತಬಾರದು ಅಂತ ವೈದ್ಯೆ ಬರೆದುಕೊಟ್ಟಿದ್ದಾರೆ, ಹಾಗಾಗಿ ಲೇಬಲ್ ನೋಡುವ ಕಡೆ ಹಾಕಿದ್ದಾರೆ. ಹೋದ ತಿಂಗಳು ಒಬ್ಬ ಚಿಕ್ಕ ಹುಡುಗ ಬೆನ್ನು ಹಿಡಿದುಕೊಂಡು ಬಂದು, ಅಂಕಲ್, ನಿಮ್ಮ ಹತ್ರ ಆ ಮಾತ್ರೆ ಉಳಿದಿದ್ಯಾ ಅಂತ ಕೇಳಿದ. ಪಂಜಾಬಿನ ಹುಡುಗ, ನನ್ನ ಅರೆಬರೆ ಹಿಂದಿಯಲ್ಲೇ ಹೇಳಿದೆ. ಇಲ್ಲ ಅಂದೆ. ಮೊದಲು ಅಪಘಾತದ ವರದಿ ಬರೆಸು ಅಂದೆ. ಮನೆಯಲ್ಲಿ ಬೇರೆ ಯಾರ ಮಾತ್ರೆ ತಗೊಂಡಿದ್ದರೂ ಡಾಕ್ಟರಿಗೆ ಹೇಳು ಅಂದೆ. ಊಟದ ಹೊತ್ತಲ್ಲಿ ಜೊತೆಗೆ ಕೂತು ಫಾರಂ ತುಂಬಿಸಿದೆ.

ಕೊನೆಯ ಭೇಟಿಯಲ್ಲಿ ನನ್ನ ಅಂಕಿ ಮೂರು ಮತ್ತು ಎರಡು. ವೈದ್ಯೆ ಕಾಗದ ತಿರುಗಿಸಿ ಫಿಸಿಯೋಥೆರಪಿಯ ಹುಡುಗಿ ಬರೆದಿದ್ದ ಗುರಿ ಓದಿದರು. ಕಾಯಿ ಎಲ್ಲಿಗೆ ಬಂತು ಅಂತ ಕೇಳಿದರು. ಒಂದು ಹೋಳು ಪೂರ್ತಿ ತುರಿಯುತ್ತೇನೆ ಅಂದೆ. ಎರಡನೇದು ಇನ್ನೂ ಹೆಂಡತಿಯೇ ತುರಿಯುತ್ತಾಳೆ.